ಮುಟ್ಟದ ತಟ್ಟೆಯ ವರ್ತಮಾನ

ಸಂಜೆ ಕೊನೆಯ ಮಗುವನ್ನೂ ಅದರ ಅಪ್ಪನೋ ಅವ್ವನೋ ಕರೆದುಕೊಂಡು ಹೋದ ಮೇಲೆ, ನಾನು ಗೇಟಿನ ಚಿಲಕ ಹಾಕಿ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂತು ಫೋನನ್ನು ಬಾಯಿಯ ಹತ್ತಿರ ಹಿಡಿಯುತ್ತೇನೆ. ಆ ಕಡೆ ಆಗ ಯಾರೂ ಇರುವುದಿಲ್ಲ. ನನ್ನ ಮಾತನ್ನು ಫೋನು ನುಂಗಿ ಇಟ್ಟುಕೊಂಡು, ಆಮೇಲೆ ಅವರವರಿಗೆ ಬಿಡುವಾದಾಗ ಕೇಳಿಸುತ್ತದೆ. ಹೊಸದರಲ್ಲಿ ಎದುರುಮನೆಯ ಯಜಮಾನರು ವಾಕಿಂಗ್ ಮುಗಿಸಿ ಬರುವಾಗ ನನ್ನನ್ನು ಕಂಡು, ಒಬ್ಬಳೇ ಕೂತು ಮಾತಾಡುತ್ತಿದ್ದಾಳಲ್ಲ ಎಂದು ಗಾಬರಿಯಾಗಿ ನಮ್ಮ ಮನೆಯವರಿಗೆ ಫೋನು ಮಾಡಿದ್ದರು. ನಮ್ಮ ಮನೆಯವರು ಅಂಗಡಿಯಿಂದಲೇ, "ಆಕಿ ಮಾತಾಡೋದು ನಿಂತ್ರೆ ಫೋನ್ ಮಾಡ್ರಿ, ಆಗ ಓಡಿ ಬರ್ತೀನಿ" ಎಂದರಂತೆ.

ನಾನು ಮಾತಾಡುವುದು ಮಕ್ಕಳ ತಂದೆತಾಯಿಗಳಿಗೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಶಾಲೆಗೆ ಮುಂಚೆ ಒಂದಿಷ್ಟು ಹೊತ್ತು, ಶಾಲೆ ಬಿಟ್ಟ ಮೇಲೆ ಇನ್ನೊಂದಿಷ್ಟು ಹೊತ್ತು ಏಳೆಂಟು ಮಕ್ಕಳು ಇರುತ್ತವೆ. ಬೆಳಿಗ್ಗೆ ತಿಂಡಿ ತಿಂದು ವ್ಯಾನ್ ಹತ್ತುತ್ತವೆ, ಮಧ್ಯಾಹ್ನ ವ್ಯಾನ್ ಇಳಿದು ಬಂದು, ದೊಡ್ಡವರು ಕೆಲಸದಿಂದ ಬರುವವರೆಗೆ ನಮ್ಮಲ್ಲೇ. ಆ ದಿನ ಯಾರು ಏನು ಮಾಡಿದರು ಎಂಬುದನ್ನು ನಾನು ಸಂಜೆ ಒಟ್ಟಿಗೆ ಹೇಳಿ ಗುಂಪಿಗೆ ಕಳಿಸುತ್ತೇನೆ. ಟೈಪು ಮಾಡಲು ಹೋದರೆ ನನ್ನ ಬೆರಳಿಗೆ ಒಂದು ಅಕ್ಷರದ ಜೊತೆ ಪಕ್ಕದ ಅಕ್ಷರವೂ ಬೀಳುತ್ತದೆ. ಅದಕ್ಕೇ ಬಾಯಿಮಾತು. "ಎಲ್ಲರಿಗೂ ಶರಣು. ಇವತ್ತಿನ ವರ್ತಮಾನ ಏನಪ್ಪ ಅಂದ್ರೆ" ಎಂದು ಶುರು ಮಾಡಿದರೆ ಚೌಕಾಬಾರದಲ್ಲಿ ಯಾರು ಯಾರ ಕಾಯಿ ಹೊಡೆದರು, ಯಾರ ಹಲ್ಲು ಅಲ್ಲಾಡುತ್ತಿದೆ, ಕಡಲೆಬೀಜ ಸುಲಿದವರು ಯಾರು, ಸುಲಿದದ್ದನ್ನು ಡಬ್ಬಿಗೆ ಹಾಕದೆ ಬಾಯಿಗೆ ಹಾಕಿದವರು ಯಾರು, ಎಲ್ಲವೂ ಬರುತ್ತದೆ. ವರ್ತಮಾನ ಎಂಬ ಮಾತು ನಮ್ಮ ಮಾವನವರದು. ಊರಿಂದ ಯಾರೇ ಬಂದರೂ ಮೊದಲು ಕಾಲಿಗೆ ನೀರು ಕೊಡಿಸಿ, ಕೂರಿಸಿ, ಆಮೇಲೆ "ಏನಪ್ಪಾ ವರ್ತಮಾನ" ಎಂದು ಕೇಳುತ್ತಿದ್ದರು. ಮದುವೆಯಾಗಿ ಬಂದಾಗ ಅಷ್ಟಾಗಿ ಮಾತಾಡದ ಹುಡುಗಿ ನಾನು. ಮಾವನವರ ಕೇಳುವ ರೀತಿ, ಅತ್ತೆಯವರ ಹೇಳುವ ರೀತಿ, ಇವೆರಡರ ನಡುವೆ ಕೂತು ಕೂತು ನನಗೆ ಬಾಯಿ ಬಂತು.

ಮಕ್ಕಳು ಬರತೊಡಗಿದ್ದು ಯಾವ ಯೋಚನೆಯೂ ಇಲ್ಲದೆ. ಪಕ್ಕದ ಮನೆಯ ಬ್ಯಾಂಕಿನ ಹೆಣ್ಣುಮಗಳು ಒಂದು ದಿನ ಮಗನನ್ನು ಅರ್ಧ ಗಂಟೆ ನೋಡಿಕೊಳ್ಳಿ ಎಂದು ಬಿಟ್ಟು ಹೋದಳು. ಆ ಅರ್ಧ ಗಂಟೆ ಇವತ್ತಿಗೂ ಮುಗಿದಿಲ್ಲ. ಆ ಹುಡುಗ ಈಗ ನಾಲ್ಕನೇ ಕ್ಲಾಸು. ನಮ್ಮ ಮನೆಯ ಮಟ್ಟಿಗೆ ಅವನೇ ಮಾನಿಟರು, ಊಟದಲ್ಲಿ ಭೀಮಸೇನ. ಅವನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನಮ್ಮ ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಸಂಸಾರ ಹೂಡಿದ್ದರು. ಹಾಲ್ ಖಾಲಿ ಇತ್ತು, ನನ್ನ ಕೈಯೂ ಖಾಲಿ ಇತ್ತು. ನಮ್ಮ ಮನೆಯವರದು ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಅವರು ನಸುಕಿನಲ್ಲೇ ಪೂಜೆ, ತಿಂಡಿ ಮುಗಿಸಿ ಹೊರಟುಬಿಡುತ್ತಾರೆ.

ನನ್ನದು ಹಾಗಲ್ಲ. ಬೆಳಿಗ್ಗೆ ಸ್ನಾನ ಮಾಡಿ ಒಲೆ ಹಚ್ಚಿದರೆ ಮಕ್ಕಳ ತಿಂಡಿ, ಡಬ್ಬಿ, ನೀರಿನ ಬಾಟಲಿ, ಜಡೆ. ವ್ಯಾನ್ ಹೋದ ಮೇಲೆ ಮನೆ ಉಸಿರು ಬಿಟ್ಟಂತೆ ಸುಮ್ಮನಾಗುತ್ತದೆ. ಆಗ ನಾನು ಲಿಂಗಪೂಜೆಗೆ ಕೂಡುತ್ತಿದ್ದೆ. ಪೂಜೆಗೆ ಕೂತವರು ಗೇಟಿನ ಸದ್ದಿಗೆ ಕಿವಿ ಕೊಡಬಾರದು ಎಂದು ಅತ್ತೆಯವರು ಹೇಳಿಕೊಟ್ಟಿದ್ದರು. ಗಡಿಬಿಡಿಯ ಪೂಜೆ ಅವರಿಗೆ ಸೇರುತ್ತಿರಲಿಲ್ಲ. ಪೂಜೆ ಆಗದೆ ಬಾಯಿಗೆ ಏನೂ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ಎಲ್ಲ ಮುಗಿದು ನಾನು ತಿಂಡಿಗೆ ಕೂತಾಗ ಅದು ತಣ್ಣಗಾಗಿ, ಉಪ್ಪಿಟ್ಟಾದರೆ ಹೆಂಟೆಯಾಗಿ, ದೋಸೆಯಾದರೆ ಚರ್ಮದಂತಾಗಿ ಇರುತ್ತಿತ್ತು. ಊರ ಮಕ್ಕಳಿಗೆಲ್ಲ ಬಿಸಿ, ತನಗೆ ಮಾತ್ರ ಆರಿದ್ದು ಎಂದು ನಮ್ಮ ಮನೆಯವರು ಆಗಾಗ ಚುಚ್ಚುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಕಳೆದ ಜೂನಿನಲ್ಲಿ ಶಾಲೆ ಶುರುವಾದಾಗ ಒಂದು ಹೊಸ ಹುಡುಗಿ ಬಂದಳು. ಒಂದನೇ ಕ್ಲಾಸು. ಲೋಕಿಕೆರೆಯ ಒಕ್ಕಲುತನದ ಮನೆಯವರು. ಅಪ್ಪ ಊರಲ್ಲಿ ಭತ್ತದ ಗದ್ದೆ ನೋಡಿಕೊಳ್ಳುತ್ತಾನೆ. ತಾಯಿಗೆ ಎಷ್ಟೋ ವರ್ಷ ಪರೀಕ್ಷೆ ಬರೆದ ಮೇಲೆ ಸರ್ಕಾರಿ ಶಾಲೆಯ ಮಾಸ್ತರಿಕೆ ಸಿಕ್ಕಿತ್ತು, ಹರಿಹರದಾಚೆ ಕಡರನಾಯಕನಹಳ್ಳಿ ಕಡೆಯ ಒಂದು ಶಾಲೆಯಲ್ಲಿ. ಲೋಕಿಕೆರೆಯಿಂದ ದಿನಾ ಹೋಗಿಬರಲು ಬಸ್ಸುಗಳು ಹೊಂದುವುದಿಲ್ಲ ಎಂದು ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದು, ತಾಯಿ ಮಗಳು ಇಬ್ಬರೇ ಇದ್ದರು. ತಾಯಿ ಬೆಳಕು ಹರಿಯುತ್ತಲೇ ಮಗಳನ್ನು ನಮ್ಮ ಗೇಟಿನೊಳಗೆ ಬಿಟ್ಟು ಬಸ್ಸಿಗೆ ಓಡಬೇಕು. ಹರಿಹರದಲ್ಲಿ ಇಳಿದು ಇನ್ನೊಂದು ಬಸ್ಸು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ರಜೆ ಕೇಳುವ ಧೈರ್ಯ ಇರಲಿಲ್ಲ. ಅವರ ಮನೆತನದಲ್ಲಿ ಹೊರಗೆ ಹೋಗಿ ದುಡಿದ ಮೊದಲ ಹೆಣ್ಣುಮಗಳು ಅವಳು. ಇದೊಂದು ನಿಲ್ಲಲಿ ಅಮ್ಮ ಎಂದು ನನ್ನ ಕೈ ಹಿಡಿದುಕೊಂಡು ಹೇಳಿದ್ದಳು.

ಹುಡುಗಿ ಅಳಲಿಲ್ಲ. ಮೊದಲ ದಿನವೇ ಚಪ್ಪಲಿಯನ್ನು ಗೋಡೆಗೆ ಒರಗಿಸಿಟ್ಟು, ಚಾಪೆಯ ತುದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಅವಲಕ್ಕಿ ಒಗ್ಗರಣೆ ಹಾಕಿ ತಟ್ಟೆ ಮುಂದಿಟ್ಟೆ. ಕೈ ಮಡಿಲಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡಿದಳು. ತಿನ್ನವ್ವ ಎಂದೆ. ಹಸಿವಿಲ್ಲ ಎಂದು ತಲೆ ಅಲ್ಲಾಡಿಸಿದಳು. ಹೊಸ ಜಾಗ, ಹೊಸ ಮುಖ, ಎರಡು ದಿನ ಹೋದರೆ ಸರಿಹೋಗುತ್ತದೆ ಎಂದುಕೊಂಡೆ.

ಸರಿಹೋಗಲಿಲ್ಲ. ಉಪ್ಪಿಟ್ಟು ಮಾಡಿದೆ, ಮುಟ್ಟಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡಿದೆ. ನಮ್ಮ ದಾವಣಗೆರೆಯಲ್ಲಿ ಅದನ್ನು ಬೇಡ ಎನ್ನುವ ಮಗು ಹುಟ್ಟಿಲ್ಲ ಎಂದು ನನ್ನ ನಂಬಿಕೆ. ಆದರೂ ಮುಟ್ಟಲಿಲ್ಲ. ಬೆಣ್ಣೆ ಹಾಕಿದ ದೋಸೆ, ರೊಟ್ಟಿ ಜೊತೆ ಸಕ್ಕರೆ ತುಪ್ಪ, ಯಾವುದಕ್ಕೂ ಅದೇ ಉತ್ತರ. ಕೈ ಮಡಿಲಲ್ಲಿ, ಕಣ್ಣು ನನ್ನ ಮುಖದ ಮೇಲೆ. ಎಷ್ಟೋ ಸಲ ಮುಖಕ್ಕೆ ಹಿಟ್ಟೇನಾದರೂ ಹತ್ತಿದೆಯೇ ಎಂದು ಸೆರಗಿನಿಂದ ಒರೆಸಿಕೊಂಡಿದ್ದೇನೆ. ಬ್ಯಾಂಕಿನವಳ ಮಗ ಮಾತ್ರ ದಿನಾ ಕಾಯುತ್ತಿದ್ದ. "ಅಜ್ಜಿ, ಆಕಿ ಪಾಲು ವೇಸ್ಟ್ ಆಗ್ತೈತೆ" ಎಂದು ತನ್ನ ತಟ್ಟೆಗೆ ಬಗ್ಗಿಸಿಕೊಳ್ಳುತ್ತಿದ್ದ.

ಇನ್ನೂ ತಲೆಕೆಡಿಸಿದ್ದು ಏನೆಂದರೆ, ಅದೇ ಹುಡುಗಿ ಸಂಜೆ ಬಂದು ಕೈಕಾಲು ತೊಳೆದು ಕೂತರೆ ಮಂಡಕ್ಕಿಗೆ ಮಿರ್ಚಿ ಬಜ್ಜಿ ನಂಚಿಕೊಂಡು ಗಂಡುಮಕ್ಕಳಿಗೆ ಸಮಸಮ ತಿನ್ನುತ್ತಿದ್ದಳು. ಮಧ್ಯಾಹ್ನದ ಡಬ್ಬಿ ತೊಳೆದಿಟ್ಟಷ್ಟು ಖಾಲಿ ಬರುತ್ತಿತ್ತು. ಆಟದಲ್ಲಿ ಚುರುಕು, ಹೂ ಕಟ್ಟಲು ಕೂತರೆ ದಂಡೆ ನೆಟ್ಟಗೆ. ಬೆಳಗಿನ ತಟ್ಟೆಯೊಂದು ಅವಳಿಗೆ ವೈರಿಯಾಗಿತ್ತು.

ಹೊಟ್ಟೆಯಲ್ಲಿ ಹುಳ ಇರಬೇಕು ಎಂದು ಎದುರುಮನೆಯವರು ಹೇಳಿದರು. ಪಕ್ಕದವಳು ದೃಷ್ಟಿ ಎಂದಳು. ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮನೆಯೆಲ್ಲ ಕೆಮ್ಮಿತು, ಹುಡುಗಿ ತಟ್ಟೆ ಮುಟ್ಟಲಿಲ್ಲ. ನಾನೇ ತುತ್ತು ಮಾಡಿ ಬಾಯಿಗೆ ಹಿಡಿದರೆ ತುಟಿ ಬಿಗಿಹಿಡಿದು ನಗುತ್ತಿದ್ದಳು. ಹಟದ ನಗುವಲ್ಲ ಅದು. ದೊಡ್ಡವರು ಮರೆತದ್ದನ್ನು ತಾನು ಬಲ್ಲೆ ಎನ್ನುವವರ ಮೆತ್ತನೆಯ ನಗು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಸಂಜೆಯ ವರ್ತಮಾನದಲ್ಲಿ ಇದನ್ನು ಎಲ್ಲರ ಮುಂದೆ ಹೇಳುವುದು ಚೆನ್ನಲ್ಲ. ಗುಂಪಿಗೆ ಎಲ್ಲರದೂ ಹೇಳಿ, ಅವಳ ತಾಯಿಗೆ ಮಾತ್ರ ಬೇರೆಯಾಗಿ ಒಂದು ಮಾತು ಕಳಿಸುತ್ತಿದ್ದೆ. ಅವಳು ಸಂಜೆ ಬಸ್ಸಿಳಿದು ಗೇಟಿನ ಹತ್ತಿರ ಬಂದರೆ ಮಗಳನ್ನು ಎತ್ತಿಕೊಳ್ಳುವ ಮುಂಚೆಯೇ ಅವಳ ಕಣ್ಣು ನನ್ನನ್ನು ಕೇಳುತ್ತಿತ್ತು, ತಿಂದಳೇ ಎಂದು. ನಾನು ಇಲ್ಲ ಎಂದರೆ ಬ್ಯಾಗಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಇರಲಿ ಬಿಡಿ ಅಮ್ಮ ಎನ್ನುತ್ತಿದ್ದಳು. ಮನೆಯಲ್ಲಿ ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಅರ್ಧ ಲೋಟ ಹಾಲು ಕುಡಿಸುವುದೇ ಹೆಚ್ಚು. ಭಾನುವಾರ ಮಾತ್ರ ಏನೂ ತಕರಾರಿಲ್ಲದೆ ತಿನ್ನುತ್ತಾಳಂತೆ. ಹಾಗಾದರೆ ನಮ್ಮ ಮನೆಯೇ ಅವಳಿಗೆ ಒಗ್ಗುತ್ತಿಲ್ಲ. ಹೀಗೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಇಬ್ಬರಿಗೂ ಅದು ಗೊತ್ತಿತ್ತು.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಶಾಲೆಯಿಂದ ಫೋನು ಬಂತು. ಪ್ರಾರ್ಥನೆಗೆ ನಿಂತಲ್ಲೇ ಹುಡುಗಿ ತಲೆ ಸುತ್ತಿ ಕೂತುಬಿಟ್ಟಿದ್ದಳು. ತಾಯಿಗೆ ಹೇಳಿದ್ದೇವೆ, ಅವಳು ಬರುವುದು ತಡವಾಗುತ್ತದೆ, ನೀವು ಬನ್ನಿ ಎಂದರು. ನಾನು ಆಗಷ್ಟೇ ಪೂಜೆ ಮುಗಿಸಿ ಎದ್ದಿದ್ದೆ. ಹಾಗೇ ಆಟೋ ಹತ್ತಿ ಹೋದೆ. ಕರೆದುಕೊಂಡು ಬರುವ ದಾರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ನಾಲಿಗೆ, ಕಣ್ಣು, ಹೊಟ್ಟೆ ಎಲ್ಲ ನೋಡಿ, ಮಗುವಿಗೆ ಏನೂ ಆಗಿಲ್ಲ, ಹೊಟ್ಟೆ ಖಾಲಿ ಇದೆ, ಬೆಳಿಗ್ಗೆ ತಿನ್ನಿಸಿ ಕಳಿಸಿ ಎಂದರು. ಆ ಮಾತು ಕೇಳಿ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ದಿನಾ ಏಳೆಂಟು ಮಕ್ಕಳಿಗೆ ಬಡಿಸುವವಳು ನಾನು.

ಮನೆಗೆ ಕರೆತಂದು, ತಿನ್ನುವುದಿಲ್ಲ ಎಂದು ಗೊತ್ತಿದ್ದೂ ಮೊಸರನ್ನ ಕಲಸಿ ಮುಂದಿಟ್ಟೆ. ನನ್ನ ಮುಖ ಒಮ್ಮೆ ನೋಡಿದಳು. ಆಮೇಲೆ ತಟ್ಟೆಗೆ ಕೈಹಾಕಿ, ತಲೆ ಎತ್ತದೆ ಅಷ್ಟನ್ನೂ ತಿಂದು, ಇನ್ನಷ್ಟು ಹಾಕಿ ಎಂದು ತಟ್ಟೆ ಒಡ್ಡಿದಳು. ನಾನು ಹಾಕಿದೆ. ಖುಷಿಪಡಬೇಕೋ ಕಂಗಾಲಾಗಬೇಕೋ ತಿಳಿಯಲಿಲ್ಲ.

ತಾಯಿ ಬಂದಾಗ ಹುಡುಗಿ ನಿದ್ದೆ ಹೋಗಿದ್ದಳು. ಮಗಳ ಕಾಲ ಹತ್ತಿರ ಕೂತಳು. ನೀರು ಕೊಟ್ಟೆ, ಕುಡಿಯಲಿಲ್ಲ. ಕಡೆಗೆ ಹೇಳಿದಳು:

"ಬಿಟ್ಟುಬಿಡ್ತೀನಮ್ಮ. ನನ್ನ ಮಗಳು ಉಪವಾಸ ನಿಂತು ತಲಿ ತಿರುಗಿ ಬೀಳ್ತಾಳೆ, ನಾನು ಅಲ್ಲಿ ಮಂದಿ ಮಕ್ಕಳು ಬಿಸಿಯೂಟ ಉಂಡ್ರೋ ಇಲ್ವೋ ಅಂತ ಸಾಲು ನೋಡ್ಕೊಂಡು ನಿಂತಿರ್ತೀನಿ. ಹೆಂಗೆ ಮಾಡ್ಲಿ ಈ ಕೆಲಸ?"

ಇನ್ನೊಂದು ವಾರ ನೋಡೋಣ ಎಂದೆ. ಅವಳು ನನ್ನ ಮೇಲೆ ಸಿಟ್ಟಾಗಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು. ಸಿಟ್ಟಾಗಲಿಲ್ಲ. ಊರಿಂದ ಅತ್ತೆಯವರನ್ನು ಬರಹೇಳಿದ್ದೇನೆ, ಅವರು ಮಗುವನ್ನು ಕರೆದುಕೊಂಡು ಹೋಗಲಿ, ಸೋಮವಾರ ಹೆಡ್ ಮಾಸ್ತರಿಗೆ ಹೇಳಿ ನಾನೂ ಊರು ಸೇರುತ್ತೇನೆ ಎಂದಳು. ಅಷ್ಟು ವರ್ಷ ಓದಿದ್ದು ಒಂದು ತಟ್ಟೆ ಅವಲಕ್ಕಿಯ ಮುಂದೆ ಸೋತಂತಾಗಿತ್ತು. ಆ ಸಂಜೆ ನಾನು ವರ್ತಮಾನ ಕಳಿಸಲಿಲ್ಲ. ಗುಂಪಿನಲ್ಲಿ ಇಬ್ಬರು ಮೂವರು, ಯಾಕೆ ಆಂಟಿ ಇವತ್ತು ರೇಡಿಯೋ ಬಂದ್ ಆಗಿದೆ ಎಂದು ಕೇಳಿದರು.

ಹುಡುಗಿಯ ಅಜ್ಜಿ ಮರುದಿನ ಮಧ್ಯಾಹ್ನವೇ ಲೋಕಿಕೆರೆಯಿಂದ ಬಂದಿಳಿದರಂತೆ. ಮಕ್ಕಳೆಲ್ಲ ನನ್ನನ್ನು ಅಜ್ಜಿ ಎನ್ನುವುದರಿಂದ, ಹುಡುಗಿ ಅವರನ್ನು ಊರಜ್ಜಿ ಎನ್ನುತ್ತಿದ್ದಳು. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಊರಿಗೆ ಹೊರಡುವ ಮುಂಚೆ ಮಗು ಇಷ್ಟು ದಿನ ಇದ್ದ ಮನೆ ಹೇಗಿದೆ ನೋಡಿಯೇ ಹೋಗುತ್ತೇನೆ ಎಂದು ಅವರ ಹಟ. ನನಗೆ ಅದು ಪರೀಕ್ಷೆಗೆ ಕೂತಂತೆ ಆಯಿತು. ರಾತ್ರಿಯೇ ಹಿಟ್ಟು ರುಬ್ಬಿಟ್ಟೆ.

ಬೆಳಿಗ್ಗೆ ತಾಯಿ ಇಬ್ಬರನ್ನೂ ಗೇಟಿನ ಹತ್ತಿರ ಬಿಟ್ಟು ಎಂದಿನಂತೆ ಬಸ್ಸಿಗೆ ಹೋದಳು. ಊರಜ್ಜಿ ಎತ್ತರದ ಆಳು, ಇಳಕಲ್ ಸೀರೆ, ಹಣೆಯ ತುಂಬ ಆಗಷ್ಟೇ ಧರಿಸಿದ ವಿಭೂತಿ. ಒಳಗೆ ಬಂದವರೇ ಹಾಲ್, ಅಡುಗೆಮನೆ, ಹಿತ್ತಿಲು ಎಲ್ಲ ಒಂದು ಸುತ್ತು ಕಣ್ಣಲ್ಲೇ ಹಾಕಿದರು. ಗೋಡೆಗೆ ಒರಗಿಸಿದ ಚಪ್ಪಲಿಗಳ ಸಾಲು ನೋಡಿ ತಲೆದೂಗಿದರು. ಕುರ್ಚಿ ಕೊಟ್ಟರೆ ಬೇಡವೆಂದು ಮೊಮ್ಮಗಳ ಪಕ್ಕ ಚಾಪೆಯ ಮೇಲೇ ಕೂತರು.

ಆ ದಿನ ಪಡ್ಡು ಮಾಡಿದ್ದೆ. ಹಂಚಿನಿಂದ ಆಗಷ್ಟೇ ತೆಗೆದದ್ದು, ಜೊತೆಗೆ ಕಾಯಿಚಟ್ನಿ. ಉಳಿದ ಮಕ್ಕಳು ಆಗಲೇ ಮುಗಿಬಿದ್ದಿದ್ದವು. ಊರಜ್ಜಿಗೊಂದು ತಟ್ಟೆ, ಮೊಮ್ಮಗಳಿಗೊಂದು ತಟ್ಟೆ ತಂದಿಟ್ಟೆ. ಊರಜ್ಜಿ ತಟ್ಟೆಯನ್ನೂ ನನ್ನನ್ನೂ ನೋಡಿದರು.

"ನಿಮ್ದು?"

"ನಂದು ಆಮ್ಯಾಲ್ರೀ. ಇನ್ನೂ ಲಿಂಗಪೂಜೆ ಆಗಿಲ್ಲ. ಇವರು ವ್ಯಾನ್ ಹತ್ತಿದ ಮ್ಯಾಲೆ ಕೂಡ್ತೀನಿ. ನೀವು ತಗೊಳ್ರಿ, ಆರ್ತೈತೆ."

"ಆರ್ಲಿ ಬಿಡ್ರಿ. ನಿಮ್ದಾಗ್ಲಿ" ಎಂದು ಅವರು ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡರು.

ಬಂದವರು ನನಗೋಸ್ಕರ ಕಾಯುವುದೇ, ಬೇಡ ತಿನ್ನಿ ಎಂದು ಒತ್ತಾಯ ಮಾಡಲು ಬಾಯಿ ತೆರೆದವಳು ಹಾಗೇ ನಿಂತೆ. ಊರಜ್ಜಿಯ ಪಕ್ಕದಲ್ಲಿ ಮೊಮ್ಮಗಳು. ಅವಳ ತಟ್ಟೆಯೂ ಒಂದಿಷ್ಟು ಮುಂದಕ್ಕೆ ಸರಿದಿತ್ತು. ಅವಳ ಎರಡೂ ಕೈ ಮಡಿಲಲ್ಲಿದ್ದವು. ಬೆನ್ನು ನೆಟ್ಟಗೆ. ದೊಡ್ಡದೊಂದು ಚಿಕ್ಕದೊಂದು, ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಇಬ್ಬರೂ ಕೂತು ನನ್ನನ್ನು ನೋಡುತ್ತಿದ್ದರು.

ನನ್ನ ಕೈಯಲ್ಲಿದ್ದ ಸೌಟನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತೆ.

"ನೀನೂ ಇಷ್ಟು ದಿನ ನಂದಾಗ್ಲಿ ಅಂತ ಕಾಯ್ತಿದ್ದೇನವ್ವ?"

ಅವಳು ಊರಜ್ಜಿಯ ಮುಖ ನೋಡಿ, ಹೇಳಬಹುದು ಎಂದು ಖಾತ್ರಿಯಾದ ಮೇಲೆ ಹೇಳಿದಳು. "ನಿಮ್ಮ ಹಣಿ ಮ್ಯಾಲೆ ಬೆಳಿಗ್ಗೆ ವಿಭೂತಿ ಇರಲ್ಲಲ್ರೀ ಅಜ್ಜಿ. ಸಂಜಿಗೆ ಇರ್ತೈತೆ."

ಬೆಳಿಗ್ಗೆ ಸ್ನಾನವಾದ ಮೇಲೆ ಕುಂಕುಮ ಇಟ್ಟುಕೊಳ್ಳುತ್ತಿದ್ದೆ. ವಿಭೂತಿ ಧರಿಸುವುದು ಪೂಜೆಗೆ ಕೂತಾಗಲೇ. ಇಷ್ಟು ದಿನ ಆ ಮಗು ನನ್ನ ಮುಖದಲ್ಲಿ ಹುಡುಕುತ್ತಿದ್ದದ್ದು ಅದನ್ನು. ತಲೆ ಸುತ್ತಿ ಬಂದ ದಿನ ಮೊಸರನ್ನ ತಿಂದಳಲ್ಲ, ಆಗ ನಾನು ಪೂಜೆ ಮುಗಿಸಿ ಹಾಗೇ ಓಡಿದ್ದೆ, ಹಣೆಯ ಮೇಲಿನ ಮೂರು ಬೆರಳ ಗೆರೆ ಇನ್ನೂ ಹಸಿಯಾಗಿತ್ತು.

ಊರಜ್ಜಿ ಅರ್ಧ ನಗುತ್ತ, ಅರ್ಧ ಕಣ್ಣೊರೆಸಿಕೊಳ್ಳುತ್ತ ತಮ್ಮ ಮನೆಯ ಕತೆ ಹೇಳಿದರು. ಈ ಹುಡುಗಿ ಎದ್ದು ನಡೆಯತೊಡಗಿದಾಗಿನಿಂದ ಅವರ ಪೂಜೆಗೆ ವಿಭೂತಿ ಡಬ್ಬಿ ತಂದುಕೊಡುವ ಕೆಲಸ ಇವಳದೇ. ಪೂಜೆ ಮುಗಿದು ಊರಜ್ಜಿ ಪ್ರಸಾದ ತೆಗೆದುಕೊಂಡ ಮೇಲೆಯೇ ಪಕ್ಕದಲ್ಲಿ ಇವಳ ತಟ್ಟೆ. ಹಾಗೆ ಮಾಡು ಎಂದು ಯಾರೂ ಹೇಳಿದ್ದಲ್ಲ. ಮಕ್ಕಳು ತಿಂದುಬಿಡಲಿ ಎಂದೇ ಮನೆಯವರೆಲ್ಲ ಹೇಳುತ್ತಿದ್ದರು, ಇವಳೇ ಕೂತು ಕಾಯುತ್ತಿದ್ದಳು. ತಾಯಿ ಆ ಹೊತ್ತಿಗೆ ಅಡುಗೆಮನೆಯಲ್ಲೋ ಪುಸ್ತಕದ ಮುಂದೋ ಇರುತ್ತಿದ್ದಳು. ಈಗ ಭಾನುವಾರ ಅವಳು ಪೂಜೆ ಮುಗಿಸಿಯೇ ಮಗಳ ಜೊತೆ ಕೂಡುತ್ತಾಳೆ, ಹಾಗಾಗಿ ಇದು ಅವಳಿಗೂ ಹೊಳೆದಿರಲಿಲ್ಲ.

"ಅಲ್ಲವ್ವ, ಅಜ್ಜಿ ಲಗೂನ ಪೂಜೆ ಮಾಡ್ರಿ, ನಂಗೆ ಹಸಿವಾಗೈತೆ ಅಂತ ಒಂದು ಮಾತು ಹೇಳಬಾರ್ದಾ?" ಎಂದೆ.

"ಕಾಯ್ತಿದೀನಿ ಅಂತ ಹೇಳಬಾರ್ದು" ಎಂದಳು, ಪಾಠ ಒಪ್ಪಿಸುವವರ ಹಾಗೆ. "ಹೇಳಿದ್ರೆ ದೊಡ್ಡೋರ ಪೂಜೆ ಗಡಿಬಿಡಿ ಆಗ್ತೈತೆ."

"ಇದೊಂದು ಮಾತ್ರ ನಾನ ಹೇಳಿಕೊಟ್ಟಿದ್ದು" ಎಂದರು ಊರಜ್ಜಿ, ಹಣೆ ಒತ್ತಿಕೊಳ್ಳುತ್ತ.

ಗಡಿಬಿಡಿ ಆಗಬಾರದೆಂದು ಪೂಜೆಯನ್ನು ಮುಂದೂಡಿದವಳು ನಾನು. ಗಡಿಬಿಡಿ ಆಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದವಳು ಅವಳು. ನಮ್ಮಿಬ್ಬರ ನಡುವೆ ಎಷ್ಟು ತಟ್ಟೆ ಆರಿಹೋಗಿದ್ದವು.

ಅಷ್ಟರಲ್ಲಿ ಗೇಟಿನ ಹೊರಗೆ ವ್ಯಾನಿನ ಹಾರನ್ನು. ನಾನು ಎದ್ದೆ. ಊರಜ್ಜಿಯೂ ಎದ್ದರು. "ನೀವು ಕೂಡ್ರಿ ಪೂಜೆಗೆ. ಆ ಗಾಡಿಯೋನ್ನ ನಾನು ನೋಡ್ಕೊಂತೀನಿ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೋದರು. ಒಳಗೆ ಕೂತವಳಿಗೆ ಎಲ್ಲ ಕೇಳಿಸುತ್ತಿತ್ತು. ಯಾವ ಊರಪ್ಪ ನಿಂದು, ಯಾರ ಮಗ, ಮದುವೆ ಆಗಿದೆಯೋ ಇಲ್ಲವೋ, ಈ ಗಾಡಿಗೆ ಬಾಗಿಲು ಯಾಕೆ ಹೀಗೆ ಕಿರುಗುಟ್ಟುತ್ತದೆ, ಎಣ್ಣೆ ಬಿಡಬಾರದೇ. ಪಾಪ, ಅವನು ಉತ್ತರ ಕೊಡುವುದರಲ್ಲಿ ಹಾರನ್ ಮರೆತ. ಹಾಲಿನಲ್ಲಿ ಮಾನಿಟರು ತನ್ನ ದೊಡ್ಡ ದನಿಯಲ್ಲಿ ಎಲ್ಲರಿಗೂ ಶ್ಶ್ ಎನ್ನುತ್ತಿದ್ದ. ಅವನ ಶ್ಶ್ ಒಂದೇ ಸದ್ದು.

ಕಿವಿ ಗೇಟಿನ ಕಡೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು. ಚಾಪೆಯ ಕಡೆಗೂ ಹೋಯಿತು. ಆದರೂ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ, ಅಷ್ಟು ಹಗುರವಾದ ಪೂಜೆ ನನಗೆ ಬಹಳ ದಿನಗಳಿಂದ ಆಗಿರಲಿಲ್ಲ. ಅತ್ತೆಯವರು ಇದ್ದಿದ್ದರೆ ಏನೆನ್ನುತ್ತಿದ್ದರೋ. ಮಗುವಿನ ವಿಷಯ ಎಂದರೆ ಅವರು ಒಲೆ ಮೇಲಿನ ಹಾಲನ್ನೂ ಬಿಟ್ಟು ಬರುವವರು.

ಹೊರಗೆ ಬಂದು ಚಾಪೆಯ ಮೇಲೆ ಅವಳ ಎದುರೇ ಕೂತೆ. ಒಂದು ಪಡ್ಡು ಮುರಿದು ಬಾಯಿಗಿಟ್ಟೆ. ಹುಡುಗಿ ನನ್ನ ಹಣೆ ನೋಡಿದಳು. ನನ್ನ ಬಾಯಿ ಅಗಿಯುವುದನ್ನು ನೋಡಿದಳು. ಆಮೇಲೆ ಅವಳ ಕೈ ಮಡಿಲಿನಿಂದ ಎದ್ದು ತಟ್ಟೆಗೆ ಬಂತು.

ಉಪವಾಸದಿಂದ ಎದ್ದವರ ಹಾಗೆ ತಿಂದಳು ಅಂತ ಹೇಳೋಣವೆಂದರೆ, ಅವಳು ನಿಜಕ್ಕೂ ಉಪವಾಸವೇ ಇದ್ದವಳು. ಎರಡೂ ಕೆನ್ನೆ ಉಬ್ಬಿಸಿಕೊಂಡು, ಒಂದು ಕೈಯಲ್ಲಿ ಇನ್ನೊಂದು ಪಡ್ಡು ಹಿಡಿದುಕೊಂಡೇ ವ್ಯಾನ್ ಹತ್ತಿದಳು. ಮಾನಿಟರು ಅವಳ ಖಾಲಿ ತಟ್ಟೆ ನೋಡಿ, ತನಗೆ ಅನ್ಯಾಯವಾಯಿತು ಎಂಬ ಮುಖ ಮಾಡಿಕೊಂಡು ಹಿಂದೆ ಹೋದ.

ಊರಜ್ಜಿ ಒಳಗೆ ಬಂದು ತಮ್ಮ ತಟ್ಟೆಯ ಮುಂದೆ ಕೂತರು. ಆರಿದ ಪಡ್ಡನ್ನೇ ತಿಂದರು, ಬಿಸಿ ಮಾಡುತ್ತೇನೆ ಎಂದರೆ ಬಿಡಲಿಲ್ಲ. ನಾನು ಫೋನು ತೆಗೆದುಕೊಂಡೆ. ಸಂಜೆಯ ಹೊತ್ತಲ್ಲದೆ ವರ್ತಮಾನ ಕಳಿಸಿದ್ದು ಅದೇ ಮೊದಲು. ಏನು ಹೇಳಿದೆ ಎಂದು ಈಗಲೂ ಫೋನಿನಲ್ಲಿದೆ:

"ತಿಂದ್ಲವ್ವ. ತಟ್ಟಿ ಖಾಲಿ ಮಾಡ್ಯಾಳೆ. ನಿನ್ನ ಮಗಳಿಗೆ ರೋಗ ಇಲ್ಲ, ರುಜಿನ ಇಲ್ಲ, ನನ್ನ ಅಡಿಗಿ ಮ್ಯಾಲೆ ಸಿಟ್ಟೂ ಇಲ್ಲ. ನಾನು ಉಣ್ಣಲಿ ಅಂತ ಕುಂತಿತ್ತು ಕೂಸು. ಹೆಡ್ ಮಾಸ್ತರಿಗೆ ಏನೂ ಹೇಳಬ್ಯಾಡ. ಸಂಜಿಗೆ ಬಾ, ಎಲ್ಲ ಹೇಳ್ತೀನಿ."

ಅವಳು ಅದನ್ನು ಕೇಳಿದ್ದು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ, ಎರಡನೇ ಬಸ್ಸಿಗೆ ಕಾಯುತ್ತಿದ್ದಾಗ. ಗದ್ದಲಕ್ಕೆ ಕೇಳಿಸದೆ ಸ್ಪೀಕರಿಗೆ ಹಾಕಿದಳಂತೆ. ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಮುದುಕಿ ಪೂರ್ತಿ ಕೇಳಿ, "ಉಂಡ್ಲಲ್ಲ, ಇನ್ಯಾಕ ಅಳ್ತಿ" ಎಂದು ಗದರಿಸಿದಳಂತೆ. ಬಸ್ಸು ಹತ್ತಿದ ಮೇಲೂ ಇನ್ನೆರಡು ಸಲ ಕೇಳಿಸಿಕೊಂಡೆ ಅಮ್ಮ ಎಂದು ಸಂಜೆ ಹೇಳಿದಳು. ಅವತ್ತು ಅವಳ ಹೆಗಲ ಮೇಲೆ ಬ್ಯಾಗಿತ್ತೋ ಇಲ್ಲವೋ ಎನ್ನುವಷ್ಟು ಹಗುರವಾಗಿ ನಡೆದು ಬಂದಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿ ನಕ್ಕಳು. ಅವರ ಶಾಲೆಯಲ್ಲಿ ಬಿಸಿಯೂಟವನ್ನು ಮೊದಲು ಮಾಸ್ತರರು ರುಚಿ ನೋಡಿ ಆಮೇಲೆ ಮಕ್ಕಳಿಗೆ ಬಡಿಸುವ ನಿಯಮವಿದೆಯಂತೆ. ದಿನಾ ಅಲ್ಲಿ ನಾನು ಮೊದಲು ತುತ್ತು ಬಾಯಿಗಿಟ್ಟು ನಿಲ್ಲುತ್ತೇನೆ, ಇಲ್ಲಿ ನನ್ನ ಮಗಳೂ ಅದನ್ನೇ ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲವಲ್ಲ ಅಮ್ಮ ಎಂದಳು.

ಊರಜ್ಜಿ ಮಧ್ಯಾಹ್ನದ ಬಸ್ಸಿಗೇ ಲೋಕಿಕೆರೆಗೆ ಹೊರಟುಹೋಗಿದ್ದರು, ಒಬ್ಬರೇ. ಮೊಮ್ಮಗಳ ಬಟ್ಟೆ ತುಂಬಿಕೊಂಡು ಹೋಗಲು ತಂದಿದ್ದ ಕೈಚೀಲದಲ್ಲಿ ನಾನು ಪಡ್ಡಿನ ಹಿಟ್ಟಿನ ಡಬ್ಬಿ ಹಾಕಿ ಕಳಿಸಿದೆ. ಹಿಟ್ಟು ಚೆನ್ನಾಗಿ ಹುದುಗಿದೆ, ಮೆಂತ್ಯ ಒಂದಿಷ್ಟು ಹೆಚ್ಚಾಗಿದೆ ಎಂದು ಊರು ಮುಟ್ಟಿದ ಮೇಲೆ ಫೋನು ಮಾಡಿ ಹೇಳಿದರು. ಬೆಳಗಿನ ಪರೀಕ್ಷೆಯ ಫಲಿತಾಂಶ ಎಂದುಕೊಂಡೆ.

ಈಗ ನಾನು ಮಕ್ಕಳು ಬರುವ ಮುಂಚೆಯೇ, ನಮ್ಮ ಮನೆಯವರ ಜೊತೆಗೇ ಪೂಜೆಗೆ ಕೂಡುತ್ತೇನೆ. ಅವರಿಗೆ ಇದರಿಂದ ಹಿಗ್ಗೂ ಇದೆ, ಬೇಜಾರೂ ಇದೆ. ಇಷ್ಟು ವರ್ಷ ನಾನು ಹೇಳಿದರೆ ಕೇಳಲಿಲ್ಲ, ಒಂದನೇ ಕ್ಲಾಸಿನ ಮಗು ಬಾಯಿಬಿಡದೆ ಕೇಳಿಸಿತು ಎಂದು ಅಂಗಡಿಗೆ ಬಂದ ರೈತರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಮಕ್ಕಳು ಬಂದ ಮೇಲೆ ನಾನೂ ಒಂದು ತಟ್ಟೆ ಹಾಕಿಕೊಂಡು ಚಾಪೆಯ ಮೇಲೆ ಕೂಡುತ್ತೇನೆ. ಮಾನಿಟರಿಗೆ ಈಗ ಹೊಸ ಕೆಲಸ. ನಾನು ಅಡುಗೆಮನೆಯಿಂದ ಹೊರಗೆ ಬರುತ್ತಲೇ ನನ್ನ ಹಣೆ ನೋಡಿ, ವಿಭೂತಿ ಇದೆ, ಶುರು ಮಾಡಿ ಎಂದು ಎಲ್ಲರಿಗೂ ಅಪ್ಪಣೆ ಕೊಡುತ್ತಾನೆ. ಒಮ್ಮೆ ಒಲೆಯ ಬೆವರಿಗೆ ವಿಭೂತಿ ಅಳಿಸಿಹೋಗಿ ಎಲ್ಲ ಮಕ್ಕಳೂ ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದವು. ಪೂಜೆ ಆಗಿದೆ ಎಂದು ನಾನು ಆಣೆ ಹಾಕಬೇಕಾಯಿತು. ಆ ಹುಡುಗಿ ಮಾತ್ರ ನನ್ನ ಮಾತಿಗೆ ಒಪ್ಪದೆ, ಒಳಗೆ ಹೋಗಿ ವಿಭೂತಿ ಡಬ್ಬಿ ತಂದು ಮುಂದಿಟ್ಟಳು.

ಬಿಸಿ ದೋಸೆ ಬಾಯಲ್ಲಿ ಹೇಗಿರುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ಅಂಚು ಗರಿಗರಿ, ನಡುವೆ ಮೆತ್ತಗೆ, ಬೆಣ್ಣೆ ಇನ್ನೂ ಕರಗುತ್ತಿರುತ್ತದೆ.

ತಾಯಿ ಸಂಜೆ ಈಗಲೂ ಅದೇ ಹೊತ್ತಿಗೆ ಗೇಟಿಗೆ ಬರುತ್ತಾಳೆ. ಕೆಲಸ ಅವಳ ಕೈಯಲ್ಲೇ ಇದೆ. ಮೊದಲಿನ ಹಾಗೆ ಅವಳ ಕಣ್ಣು ಮಗಳನ್ನು ದಾಟಿ ನನ್ನ ಕಡೆಗೇ ಬರುತ್ತದೆ, ಆದರೆ ಈಗ ಕೇಳುವ ಪ್ರಶ್ನೆ ಬೇರೆ.

"ಇವತ್ತು ನೀವು ತಿಂದ್ರೇನಮ್ಮ?"

"ತಿಂದೆ ತಾಯಿ. ನಿನ್ನ ಮಗಳು ಬಿಡಬೇಕಲ್ಲ" ಎಂದು ನಾನು ಗೇಟು ತೆರೆಯುತ್ತೇನೆ.